‘ಠ’ದೊಳಗಿನ ಚುಕ್ಕೆ ಕಾಣುತ್ತಿದೆಯಾ? ಮನೆಯಲ್ಲೇ ಲೆನ್ಸ್, ಕ್ಯಾಮೆರಾ ಪರೀಕ್ಷೆ ಮಾಡುವ ಬಗೆ

ಕಳೆದ ಮಳೆಗಾಲದಲ್ಲಿ ಅಣ್ಣನ ಮಗಳು ಸೆಕೆಂಡ್ ಹ್ಯಾಂಡ್ 50 ಎಂಎಂ ಲೆನ್ಸ್ ಒಂದನ್ನು ಕೊಂಡಳು. ನಾಲ್ಕೇ ದಿನಕ್ಕೆ ಫೋನ್ ಬಂತು.

“ಚಿಕ್ಕಪ್ಪ, ಬಲಗಡೆ ಮೂಲೆ ಮಸುಕಾಗಿ ಬರ್ತಿದೆ. ವಾಪಸ್ ಕೊಟ್ಟುಬಿಡ್ಲಾ?”

“ಹೇಗೆ ನೋಡಿದೆಯಮ್ಮ?”

“ಕಾಂಪೌಂಡ್ ಗೋಡೆ ಫೋಟೊ ತೆಗೆದೆ.”

ಕೊಟ್ಟವರು ಒಂದು ವಾರದೊಳಗೆ ಹಿಂದಿರುಗಿಸಬಹುದು ಅಂದಿದ್ದರಂತೆ. ಭಾನುವಾರ ಬೆಳಿಗ್ಗೆಯೇ ಹನುಮಂತನಗರದ ನಮ್ಮ ಮನೆಗೆ ಬಾ ಅಂದೆ. ಆ ದಿನ ನಾವಿಬ್ಬರೂ ಮಾಡಿದ ಟೆಸ್ಟುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಉಪಕರಣ ಯಾವುದೂ ಬೇಕಾಗಲಿಲ್ಲ. ಒಂದು ಟ್ರೈಪಾಡ್, ಅಂಗೈ ಅಗಲದ ಕನ್ನಡಿ, ಪ್ರಿಂಟ್ ಹಾಕಿಸಿದ ಕೆಲವು ಹಾಳೆ, ಮೇಲೆ ತಾರಸಿ. ಅಷ್ಟೇ.

ಮಸುಕು ಕಂಡ ಕೂಡಲೇ ನಾವು ಲೆನ್ಸಿನ ಮೇಲೆ ತಪ್ಪು ಹೊರಿಸುತ್ತೇವೆ. ಆದರೆ ಕೈ ಅಲುಗಿದರೂ ಮಸುಕು, ಫೋಕಸ್ ಕೂದಲೆಳೆ ತಪ್ಪಿದರೂ ಮಸುಕು. ಕ್ಯಾಮೆರಾ ಗೋಡೆಗೆ ಓರೆಯಾಗಿದ್ದರೂ, ನಡುವಿನ ಗಾಳಿ ಬಿಸಿಯಾಗಿದ್ದರೂ, ಮುಂದೆ ಹಾಕಿದ ಫಿಲ್ಟರ್ ಕಳಪೆಯಾಗಿದ್ದರೂ ಮಸುಕೇ. ಇವನ್ನೆಲ್ಲ ಒಂದೊಂದಾಗಿ ದೂರ ಮಾಡಿದ ಮೇಲೆ ಉಳಿಯುವುದು ಮಾತ್ರ ಲೆನ್ಸಿನದು. ಪರೀಕ್ಷೆಯ ಮುಕ್ಕಾಲು ಪಾಲು ಕೆಲಸ ಇದೇ.

ಇದನ್ನು ಇಷ್ಟು ಒತ್ತಿ ಹೇಳಲು ನನಗೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹೊಸ ಜೂಮ್ ಲೆನ್ಸ್ ಒಂದನ್ನು ಕೊಂಡು, ಒಂದು ಟೆಸ್ಟೂ ಮಾಡದೆ ತಂಗಿಯ ಮದುವೆಗೆ ಒಯ್ದೆ. ಅದರ ಎಡಭಾಗ ಹುಟ್ಟಿನಿಂದಲೇ ಮಸುಕು ಅಂತ ತಿಳಿಯುವಷ್ಟರಲ್ಲಿ ಹಿಂದಿರುಗಿಸುವ ಗಡುವು ಮುಗಿದಿತ್ತು. ಗುಂಪು ಫೋಟೊಗಳಲ್ಲಿ ಎಡತುದಿಗೆ ನಿಂತ ಅಜ್ಜಿಯ ಮುಖ ಸ್ಪಷ್ಟವಾಗಿಲ್ಲ. ಅಜ್ಜಿ ಈಗ ಇಲ್ಲ. ಅದಕ್ಕೇ ಹೇಳುತ್ತೇನೆ, ಲೆನ್ಸ್ ಕೈಗೆ ಬಂದ ಮೊದಲ ವಾರದಲ್ಲೇ ಪರೀಕ್ಷೆ ಮಾಡಿ.

ಮೊದಲು ಟಾರ್ಚ್ ಹಿಡಿದು ನೋಡಿ

ಹಳೇ ಲೆನ್ಸ್ ಆದರೆ ದುಡ್ಡು ಕೊಡುವ ಮುಂಚೆಯೇ ಇದನ್ನು ಮಾಡಬೇಕು. ಎರಡೂ ಕಡೆಯ ಮುಚ್ಚಳ ತೆಗೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು, ಇನ್ನೊಂದು ಕಡೆಯಿಂದ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಏನೂ ಆಗುವುದಿಲ್ಲ. ಜೇಡರ ಬಲೆಯ ಹಾಗೆ ಸಣ್ಣ ಎಳೆಗಳು ಹರಡಿದ್ದರೆ ಅದು ಫಂಗಸ್. ಬೆಂಗಳೂರಿನ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವಕ್ಕೆ, ಬೀರುವಿನಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿಗೆ ಫಂಗಸ್ ಹಿಡಿಯುವುದು ಸುಲಭ. ಇಡೀ ಗಾಜಿಗೆ ಮಂಜು ಕವಿದಂತೆ ಕಂಡರೂ ಬೇಡ ಅನ್ನಿ. ಅಪರ್ಚರ್ (ಬೆಳಕು ಹಾಯುವ, ಹಿಗ್ಗಿಸಿ ಕುಗ್ಗಿಸಬಹುದಾದ ತೂತು) ಎಸಳುಗಳ ಮೇಲೆ ಎಣ್ಣೆ ಹೊಳೆಯುತ್ತಿದೆಯಾ, ಫೋಕಸ್ ರಿಂಗ್ ಎಲ್ಲೂ ಗರಗರ ಅನ್ನದೆ ತಿರುಗುತ್ತದಾ ಅಂತಲೂ ನೋಡಿಕೊಳ್ಳಿ.

ಅವಳ ಲೆನ್ಸ್ ಇದರಲ್ಲಿ ಪಾಸಾಯಿತು.

ಕ್ಯಾಮೆರಾದ ಸಹಾಯವನ್ನೆಲ್ಲ ನಿಲ್ಲಿಸಿ

ಇವತ್ತಿನ ಕ್ಯಾಮೆರಾಗಳು ಲೆನ್ಸಿನ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿಬಿಡುತ್ತವೆ. ಜೆಪೆಗ್ ಫೋಟೊದಲ್ಲಿ ಮೂಲೆಯ ಕತ್ತಲು, ಗೆರೆಯ ಬಾಗು, ಅಂಚಿನ ಬಣ್ಣ ಎಲ್ಲ ಸರಿಯಾಗಿಯೇ ಬಂದಿರುತ್ತದೆ. ದಿನನಿತ್ಯದ ಬಳಕೆಗೆ ಇದು ಒಳ್ಳೆಯದೇ. ಪರೀಕ್ಷೆಯಲ್ಲಿ ಮಾತ್ರ ಬೇಡ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ಮೆನುವಿನಲ್ಲಿ ಲೆನ್ಸ್ ತಿದ್ದುಪಡಿ ಆಫ್ ಮಾಡಿ. ಕೆಲವು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳ ಲೆನ್ಸುಗಳಲ್ಲಿ ರಾ ಫೈಲಿನೊಳಗೇ ತಿದ್ದುಪಡಿಯ ಸೂಚನೆ ಇರುತ್ತದೆ. ಹಾಗಾಗಿ ಕಂಪ್ಯೂಟರಿನ ತಂತ್ರಾಂಶದಲ್ಲೂ ಅದನ್ನು ಆಫ್ ಮಾಡಬೇಕು. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್) 100 ಇರಲಿ. ಎರಡು ಸೆಕೆಂಡ್ ಟೈಮರ್ ಹಾಕಿ, ಬೆರಳು ಒತ್ತಿದ ಅಲುಗಾಟ ನಿಲ್ಲಲಿ. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿಪಡಿಸುವ ಸೌಲಭ್ಯ) ಆಫ್ ಮಾಡಿ. ಫಿಲ್ಟರ್ ಬಿಚ್ಚಿ ಪಕ್ಕಕ್ಕಿಡಿ. ಕೊನೆಯಲ್ಲಿ ಬೇಕಾದರೆ ಅದನ್ನು ಹಾಕಿ ಒಂದು, ತೆಗೆದು ಒಂದು ಫೋಟೊ ತೆಗೆದು ಹೋಲಿಸಿ ನೋಡಿ.

ಸಾಧ್ಯವಾದರೆ ಹಗಲಿನ ಬೆಳಕಲ್ಲೇ ಮಾಡಿ. ನಮ್ಮ ಮನೆಗಳ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ, ಹಳೇ ಟ್ಯೂಬ್‌ಲೈಟುಗಳು ಅದರಿಂದ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ವೇಗವಾಗಿ ತೆಗೆದರೆ ಫೋಟೊದ ಮೇಲೆ ಅಡ್ಡ ಪಟ್ಟೆ ಬೀಳುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಒಳಗೇ ತೆಗೆಯಬೇಕು ಅಂದರೆ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಟ್ಟುಕೊಳ್ಳಿ.

ಕನ್ನಡ ಅಕ್ಷರಗಳ ಹಾಳೆ

ಲ್ಯಾಬುಗಳಲ್ಲಿ ಕಪ್ಪು ಬಿಳಿ ಗೆರೆಗಳ ಚಾರ್ಟ್ ಬಳಸುತ್ತಾರೆ. ಮನೆಗೆ ನನ್ನ ಆಯ್ಕೆ ನಮ್ಮ ಅಕ್ಷರಗಳೇ. ಯೋಚಿಸಿ ನೋಡಿ. ‘ರ’ ಮತ್ತು ‘ಠ’ ನಡುವಿನ ವ್ಯತ್ಯಾಸ ಒಂದು ಚುಕ್ಕೆ. ‘ದ’ ಹೊಟ್ಟೆಯೊಳಗೆ ಚುಕ್ಕೆ ಇಟ್ಟರೆ ‘ಥ’, ಕೆಳಗೆ ಸಣ್ಣ ಸೀಳು ಕೊಟ್ಟರೆ ‘ಧ’. ‘ಡ’ ಮತ್ತು ‘ಢ’, ‘ಪ’ ಮತ್ತು ‘ಫ’ ಕೂಡ ಹೀಗೇ. ಲೆನ್ಸಿನ ಚೂಪು ಕಡಿಮೆಯಾದಾಗ ಮೊದಲು ಮಾಯವಾಗುವುದು ಈ ಚುಕ್ಕೆ, ಈ ಸೀಳು. ಜೊತೆಗೆ ನಮ್ಮ ಅಕ್ಷರಗಳು ದುಂಡಗೆ. ಲೆನ್ಸ್ ಯಾವ ದಿಕ್ಕಿಗೆ ಎಳೆದರೂ ವೃತ್ತದ ಆ ಭಾಗ ದಪ್ಪವಾಗಿ ಕಾಣುತ್ತದೆ. ಮೂಲೆಗಳಲ್ಲಿ ಲೆನ್ಸುಗಳು ಒಂದು ದಿಕ್ಕಿಗೆ ಚೂಪಾಗಿ, ಇನ್ನೊಂದು ದಿಕ್ಕಿಗೆ ಮಸುಕಾಗಿ ಇರುವುದು ಸಾಮಾನ್ಯ. ಬರೀ ನೆಟ್ಟಗಿನ ಗೆರೆ ಇಟ್ಟುಕೊಂಡರೆ ಅದು ತಪ್ಪಿಹೋಗಬಹುದು.

ಹಾಳೆ ಹೀಗೆ ಮಾಡಿ. ‘ರ ಠ ದ ಥ ಧ ಡ ಢ ಪ ಫ’ ಎಂಬ ಸಾಲನ್ನು 16, 12, 10, 8, 6, 5 ಪಾಯಿಂಟ್ ಗಾತ್ರದಲ್ಲಿ ಒಂದರ ಕೆಳಗೊಂದು ಟೈಪ್ ಮಾಡಿ. ಲೇಸರ್ ಪ್ರಿಂಟ್ ಹಾಕಿಸಿ. ಇಂಕ್‌ಜೆಟ್ ಪ್ರಿಂಟಲ್ಲಿ ಶಾಯಿ ಕಾಗದಕ್ಕೆ ಹೀರಿಕೊಂಡು ಸಣ್ಣ ಅಕ್ಷರ ತಾನೇ ಮಸುಕಾಗುತ್ತದೆ. ಹೀಗೆ ಒಂಬತ್ತು ತುಂಡು ಬೇಕು. ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು, ನಾಲ್ಕು ಅಂಚಿನ ಮಧ್ಯಕ್ಕೆ ನಾಲ್ಕು. ಪ್ರಿಂಟ್ ಸಿಗದಿದ್ದರೆ ದಿನಪತ್ರಿಕೆಯ ಹಾಳೆ ಅಂಟಿಸಿದರೂ ನಡೆಯುತ್ತದೆ.

ದೂರದ ಲೆಕ್ಕ ಮುಖ್ಯ. ಲೆನ್ಸಿನ ಫೋಕಲ್ ಲೆಂತ್‌ನ 40 ಪಟ್ಟು ದೂರ ಇಟ್ಟುಕೊಳ್ಳಿ, 50 ಎಂಎಂಗೆ 2 ಮೀಟರ್. ಎಪಿಎಸ್-ಸಿ ಎಂಬ ಸಣ್ಣ ಅಳತೆಯ ಸೆನ್ಸರ್ ಇರುವ 24 ಮೆಗಾಪಿಕ್ಸೆಲ್ ಕ್ಯಾಮೆರಾ ಆದರೆ ಆ ದೂರಕ್ಕೆ ಸುಮಾರು 90 ಸೆಂ.ಮೀ ಅಗಲದ ಗೋಡೆ ಫ್ರೇಮಿನಲ್ಲಿ ಬರುತ್ತದೆ. ಅಗಲಕ್ಕೆ 6000 ಪಿಕ್ಸೆಲ್. ಅಂದರೆ ಗೋಡೆಯ 1 ಮಿ.ಮೀಗೆ ಆರೂವರೆ ಪಿಕ್ಸೆಲ್. 2 ಮಿ.ಮೀ ಎತ್ತರದ ಅಕ್ಷರಕ್ಕೆ ಸಿಗುವುದು 13 ಪಿಕ್ಸೆಲ್, ‘ಠ’ದೊಳಗಿನ ಚುಕ್ಕೆಗೆ ಒಂದೋ ಎರಡೋ. ಆ ಚುಕ್ಕೆ ಕಂಡರೆ ನಿಮ್ಮ ಲೆನ್ಸ್ ಸೆನ್ಸರಿನ ಶಕ್ತಿಯನ್ನೆಲ್ಲ ಬಳಸುತ್ತಿದೆ ಅಂತ ಅರ್ಥ.

ಕನ್ನಡಿ ಯಾಕೆ ಬೇಕು

ಅವಳ ಕಾಂಪೌಂಡ್ ಗೋಡೆ ಟೆಸ್ಟ್ ತಪ್ಪಿದ್ದು ಇಲ್ಲೇ. ಕ್ಯಾಮೆರಾ ಗೋಡೆಗೆ ನೇರವಾಗಿದೆ ಅಂತ ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ. ಬರೀ 2 ಡಿಗ್ರಿ ಓರೆಯಾದರೆ 2 ಮೀಟರ್ ದೂರದ ಆ ಗೋಡೆಯ ಒಂದು ಅಂಚು ಒಂದೂವರೆ ಸೆಂ.ಮೀ ಹತ್ತಿರ ಬರುತ್ತದೆ, ಇನ್ನೊಂದು ಅಷ್ಟೇ ದೂರ ಹೋಗುತ್ತದೆ. ಎಫ್/1.8ರಲ್ಲಿ (ಈ ಸಂಖ್ಯೆ ಸಣ್ಣದಾದಷ್ಟೂ ಅಪರ್ಚರ್ ದೊಡ್ಡದು) ಪಿಕ್ಸೆಲ್ ಮಟ್ಟದ ಚೂಪು ಉಳಿಯುವುದು ಹಿಂದೆ ಮುಂದೆ ಸೇರಿ ಸುಮಾರು 2 ಸೆಂ.ಮೀ ಒಳಗೆ ಮಾತ್ರ. ಮೂಲೆ ಮಸುಕಾಗದೆ ಇನ್ನೇನಾಗುತ್ತದೆ?

ಹಾಳೆಗಳ ನಟ್ಟನಡುವೆ ಚಪ್ಪಟೆ ಕನ್ನಡಿಯನ್ನು ಗೋಡೆಗೆ ಒತ್ತಿ ಅಂಟಿಸಿ. ವ್ಯೂಫೈಂಡರಿನಲ್ಲಿ ನೋಡಿದರೆ ಕನ್ನಡಿಯಲ್ಲಿ ನಿಮ್ಮ ಲೆನ್ಸೇ ಕಾಣಬೇಕು. ಅದು ಕಾಣುವವರೆಗೆ ಟ್ರೈಪಾಡನ್ನು ಸರಿಸಿ, ಎತ್ತರ ಬದಲಿಸಿ, ತಿರುಗಿಸಿ. ಲೆನ್ಸಿನ ಪ್ರತಿಬಿಂಬದ ನಡುಭಾಗ ಸರಿಯಾಗಿ ಫ್ರೇಮಿನ ನಡುವೆ ಬಂದಾಗ ಕ್ಯಾಮೆರಾ ಗೋಡೆಗೆ ನೇರವಾಗಿದೆ. ಆಮೇಲೆ ಕನ್ನಡಿ ತೆಗೆದು ಆ ಜಾಗಕ್ಕೆ ನಡುವಿನ ಹಾಳೆ ಅಂಟಿಸಿ. ಈ ಒಂದು ಹಂತಕ್ಕೆ ನಮಗೆ ಅರ್ಧ ಗಂಟೆ ಹಿಡಿಯಿತು. ಅವಸರ ಬೇಡ.

ಗೋಡೆಯೂ ಚಪ್ಪಟೆ ಇರಬೇಕಲ್ವಾ? ನಮ್ಮ ಹಾಲಿನ ಗೋಡೆಗೆ ಅಡ್ಡಲಾಗಿ ದಾರ ಬಿಗಿದು ಹಿಡಿದೆವು. ಪ್ಲಾಸ್ಟರ್ ಒಂದು ಕಡೆ ಉಬ್ಬಿತ್ತು. ಕೊನೆಗೆ ಮಂಚದ ಹಲಗೆಗೆಂದು ತಂದಿದ್ದ ಪ್ಲೈವುಡ್ ಹಾಳೆಯನ್ನು ನಿಲ್ಲಿಸಿ ಅದರ ಮೇಲೆ ಅಂಟಿಸಿದೆವು.

ತೆಗೆಯುವುದು, ನೋಡುವುದು

ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ಪರದೆಯಲ್ಲಿ) ನಡುವಿನ ಹಾಳೆಯನ್ನು ಪೂರ್ತಿ ಜೂಮ್ ಮಾಡಿ ಕೈಯಿಂದ ಫೋಕಸ್ ಮಾಡಿ. ಲೆನ್ಸಿನ ಅತಿ ದೊಡ್ಡ ಅಪರ್ಚರ್‌ನಿಂದ ಶುರುಮಾಡಿ ಎಫ್/2.8, 4, 5.6, 8, 11, 16ರಲ್ಲಿ ಒಂದೊಂದು ತೆಗೆಯಿರಿ. ಆಮೇಲೆ ಫೋಕಸ್ ಪೂರ್ತಿ ಕೆಡಿಸಿ, ಮತ್ತೆ ಮೊದಲಿನಿಂದ ಇದನ್ನೇ ಮಾಡಿ. ಒಟ್ಟು ಮೂರು ಸಲ. ಮೂರರಲ್ಲೂ ಒಂದೇ ಉತ್ತರ ಬಂದರೆ ಮಾತ್ರ ಅದನ್ನು ನಂಬಿ. ಒಂದೇ ಫೋಟೊ ನೋಡಿ ತೀರ್ಪು ಕೊಡಬೇಡಿ.

ಕಂಪ್ಯೂಟರಿನಲ್ಲಿ 100 ಪರ್ಸೆಂಟ್‌ಗೆ ಹಿಗ್ಗಿಸಿ, ಯಾವ ಹಾಳೆಯಲ್ಲಿ ಯಾವ ಪಾಯಿಂಟ್‌ವರೆಗೆ ‘ಠ’ದ ಚುಕ್ಕೆ ಕಾಣುತ್ತದೆ ಅಂತ ಬರೆದುಕೊಳ್ಳಿ. ದೊಡ್ಡ ಅಪರ್ಚರ್‌ನಲ್ಲಿ ಮೂಲೆಗಳು ನಡುವಿಗಿಂತ ಸೋಲುವುದು ಸಹಜ. ಎಫ್/5.6, 8ರ ಹೊತ್ತಿಗೆ ಮೂಲೆಗಳು ಮೇಲೇಳುತ್ತವೆ. ನೀವು ಹುಡುಕಬೇಕಾದದ್ದು ನಾಲ್ಕು ಮೂಲೆಗಳ ನಡುವಿನ ವ್ಯತ್ಯಾಸ. ನಾಲ್ಕೂ ಸಮನಾಗಿ ಮಸುಕಾಗಿದ್ದರೆ ಅದು ಆ ಲೆನ್ಸಿನ ವಿನ್ಯಾಸ. ಒಂದು ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜೊಂದು ಜಾಗ ತಪ್ಪಿರಬಹುದು. ಇದಕ್ಕೆ ಡಿಸೆಂಟರಿಂಗ್ ಅನ್ನುತ್ತಾರೆ. ಒಂದೇ ಕಾರ್ಖಾನೆಯ ಒಂದೇ ಮಾಡೆಲ್‌ನಲ್ಲೂ ಒಂದು ಲೆನ್ಸ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ.

ಎಫ್/16ರಲ್ಲಿ ಇಡೀ ಫೋಟೊ ಸ್ವಲ್ಪ ಮೆತ್ತಗಾಗುವುದನ್ನು ನೀವು ನೋಡುತ್ತೀರಿ. ಅದು ಬೆಳಕಿನದೇ ಸ್ವಭಾವ. ಸಣ್ಣ ತೂತಿನಿಂದ ಹಾಯುವಾಗ ಬೆಳಕು ಹರಡುತ್ತದೆ, ಅದೇ ಡಿಫ್ರ್ಯಾಕ್ಷನ್. ಒಂದು ಬಿಂದು ಎಫ್/8ರಲ್ಲಿ ಸುಮಾರು 11 ಮೈಕ್ರಾನ್ ಅಗಲದ ತಟ್ಟೆಯಾದರೆ, ಎಫ್/16ರಲ್ಲಿ 21 ಮೈಕ್ರಾನ್ ದಾಟುತ್ತದೆ. ಮೇಲೆ ಹೇಳಿದ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್. ಎಷ್ಟೇ ಬೆಲೆಯ ಲೆನ್ಸ್ ತಂದರೂ ಇದು ತಪ್ಪುವುದಿಲ್ಲ.

ಇನ್ನು ನಮ್ಮ ಫಲಿತಾಂಶ. ಮೊದಲ ಸುತ್ತಿನಲ್ಲಿ ಬಲಗಡೆಯ ಮೇಲಿನ ಮೂಲೆ ನಿಜಕ್ಕೂ ಸ್ವಲ್ಪ ಮಸುಕಿತ್ತು. ಅವಳ ಮುಖ ಸಪ್ಪಗಾಯಿತು. ಆಗ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅದೇ ಜಾಗದಿಂದ ಇನ್ನೊಂದು ಫೋಟೊ ತೆಗೆದೆವು. ಈ ಟೆಸ್ಟ್ ನನಗೆ ಎಲ್ಲಕ್ಕಿಂತ ಇಷ್ಟ. ದೋಷ ಲೆನ್ಸಿನದಾದರೆ ಫ್ರೇಮಿನ ಅದೇ ಮೂಲೆ ಮಸುಕಾಗಿ ಉಳಿಯುತ್ತದೆ. ದೋಷ ನಿಲ್ಲಿಸಿದ ರೀತಿಯದಾದರೆ ಮಸುಕು ಗೋಡೆಯ ಜೊತೆಗೇ ಉಳಿದು, ಫ್ರೇಮಿನಲ್ಲಿ ಎದುರು ಮೂಲೆಗೆ ಹೋಗುತ್ತದೆ. ನಮ್ಮದು ಎದುರು ಮೂಲೆಗೆ ಹೋಯಿತು. ನೋಡಿದರೆ ಪ್ಲೈವುಡ್‌ನ ಆ ಮೂಲೆ ಹಿಂದಕ್ಕೆ ಬಾಗಿತ್ತು.

ತಾರಸಿಯ ಟೆಸ್ಟ್

ಗೋಡೆಯ ರಗಳೆಯೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ, ಇದು ದೂರದ ದೃಶ್ಯಕ್ಕೆ ಲೆನ್ಸ್ ಹೇಗಿದೆ ಅಂತಲೂ ಹೇಳುತ್ತದೆ. ತಾರಸಿ ಹತ್ತಿ, ಅರ್ಧ ಕಿಲೋಮೀಟರ್ ಆಚೆಯ ಒಂದು ಮೊಬೈಲ್ ಟವರ್ ಆರಿಸಿಕೊಳ್ಳಿ. ಕಬ್ಬಿಣದ ಪಟ್ಟಿ, ಬೋಲ್ಟು, ಕೇಬಲ್ ಎಲ್ಲ ಇರುವುದರಿಂದ ಅದೇ ಒಳ್ಳೆಯ ಚಾರ್ಟ್. ದೊಡ್ಡ ಅಪರ್ಚರ್‌ನಲ್ಲಿ ಟವರನ್ನು ನಡುವೆ ಇಟ್ಟು ಫೋಕಸ್ ಮಾಡಿ, ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕಿ. ಇನ್ನು ಅದನ್ನು ಮುಟ್ಟಬೇಡಿ. ಕ್ಯಾಮೆರಾ ತಿರುಗಿಸಿ ಅದೇ ಟವರ್ ತುದಿಯನ್ನು ನಾಲ್ಕು ಮೂಲೆಗಳಿಗೂ ತಂದು ಒಂದೊಂದು ಫೋಟೊ ತೆಗೆಯಿರಿ. ಆಮೇಲೆ ನಾಲ್ಕು ತುಂಡುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಹೊತ್ತು ಬೆಳಿಗ್ಗೆ ಏಳರಿಂದ ಎಂಟು. ಹತ್ತು ಗಂಟೆ ದಾಟಿದರೆ ಕಾಂಕ್ರೀಟ್ ತಾರಸಿ, ತಗಡಿನ ಶೀಟುಗಳು ಕಾದು ಬಿಸಿಗಾಳಿ ಮೇಲೇಳುತ್ತದೆ. ದೂರದ ವಸ್ತು ನೀರಿನೊಳಗೆ ಇದ್ದ ಹಾಗೆ ನಡುಗುತ್ತದೆ. ಉದ್ದ ಲೆನ್ಸಿನವರಿಗೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಹಕ್ಕಿ ಫೋಟೊ ಮಸುಕಾಯಿತು ಅಂತ ಲೆನ್ಸ್ ಮಾರಲು ಹೊರಟವರಿಗೆ ನಾನು ಮೊದಲು ಕೇಳುವುದೇ ಎಷ್ಟು ಗಂಟೆಗೆ ತೆಗೆದಿದ್ದು ಅಂತ. ಡಿಸೆಂಬರಿನ ಮಂಜು, ಮೇನ್ ರೋಡಿನ ಧೂಳು ಕೂಡ ಲೆಕ್ಕಕ್ಕೆ ಬರುತ್ತವೆ. ಹಿಂದಿನ ದಿನ ಮಳೆ ಬಂದು ತೊಳೆದ ಬೆಳಿಗ್ಗೆ ಸಿಕ್ಕರೆ ಬಿಡಬೇಡಿ.

ಅವಳ ಲೆನ್ಸಿನ ನಾಲ್ಕು ಮೂಲೆಗಳೂ ಹೆಚ್ಚುಕಡಿಮೆ ಒಂದೇ ಥರ ಬಂದವು.

ಊರಲ್ಲಿ ಓಡಾಡುತ್ತಾ ನೋಡಬಹುದಾದ ಉಳಿದ ಗುಣಗಳು

ಲಾಲ್‌ಬಾಗಿನ ಗಾಜಿನ ಮನೆ, 1889ರಲ್ಲಿ ಅಡಿಗಲ್ಲು ಹಾಕಿದ್ದು, ಬಣ್ಣದ ದೋಷ ನೋಡಲು ಹೇಳಿ ಮಾಡಿಸಿದಂತಿದೆ. ಬೆಳ್ಳನೆಯ ಆಕಾಶಕ್ಕೆ ಎದುರಾಗಿ ತೆಳ್ಳನೆಯ ಕಬ್ಬಿಣದ ಚೌಕಟ್ಟು. ಚೌಕಟ್ಟು ಫ್ರೇಮಿನ ಅಂಚಿಗೆ ಬರುವಂತೆ ತೆಗೆಯಿರಿ. ಕಂಬಿಯ ಒಂದು ಬದಿ ಕೆಂಪು, ಇನ್ನೊಂದು ಬದಿ ಹಸಿರು ನೀಲಿ ಕಂಡರೆ ಅದು ಅಂಚಿನ ಬಣ್ಣ. ಅಪರ್ಚರ್ ಸಣ್ಣದು ಮಾಡಿದರೂ ಅದು ಹೋಗುವುದಿಲ್ಲ, ಆದರೆ ತಂತ್ರಾಂಶದಲ್ಲಿ ಒಂದೇ ಕ್ಲಿಕ್ಕಿಗೆ ಹೋಗುತ್ತದೆ. ಫೋಕಸಿನ ಮುಂದೆ ನೇರಳೆ, ಹಿಂದೆ ಹಸಿರು ಕಾಣುವುದು ಬೇರೆ ದೋಷ. ಅದು ಅಪರ್ಚರ್ ಸಣ್ಣದಾದಂತೆ ಕಡಿಮೆಯಾಗುತ್ತದೆ. ತಂತ್ರಾಂಶದಲ್ಲಿ ತೆಗೆಯುವುದು ಮಾತ್ರ ಕಷ್ಟ.

ವಿಧಾನಸೌಧದ ಕಂಬಗಳನ್ನು ಕೆಳಗಿನಿಂದ ತೆಗೆದಾಗ ಅವು ಒಳಕ್ಕೆ ವಾಲಿದಂತೆ ಕಾಣುತ್ತವೆ. ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಯಾವ ಲೆನ್ಸಿನಲ್ಲೂ ಹಾಗೇ ಆಗುತ್ತದೆ, ಅದು ದೋಷವಲ್ಲ. ನೇರವಾಗಿ ಹಿಡಿದ ಮೇಲೂ ಗೆರೆ ಬಿಲ್ಲಿನಂತೆ ಬಾಗಿದರೆ ಮಾತ್ರ ಅದು ಲೆನ್ಸಿನ ಬಾಗು. ಮನೆಯ ಬಾಗಿಲ ಚೌಕಟ್ಟನ್ನು ಫ್ರೇಮಿನ ಅಂಚಿಗೆ ತಂದರೆ ಸಾಕು, ಗೊತ್ತಾಗುತ್ತದೆ.

ರಾತ್ರಿ ದೂರದ ಬೀದಿದೀಪವನ್ನು ದೊಡ್ಡ ಅಪರ್ಚರ್‌ನಲ್ಲಿ ಮೂಲೆಗೆ ತನ್ನಿ. ಚುಕ್ಕೆಯಾಗಿ ಉಳಿಯುವ ಬದಲು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಹರಡಿದರೆ ಅದು ಕೋಮಾ. ನಕ್ಷತ್ರಗಳ ಫೋಟೊ ತೆಗೆಯುವವರಿಗೆ ಮಾತ್ರ ಇದು ದೊಡ್ಡ ವಿಷಯ.

ಕಂಪನಿಗಳು ಕೊಡುವ ಎಂಟಿಎಫ್ ಗ್ರಾಫನ್ನು (ಲೆನ್ಸ್ ಎಲ್ಲೆಲ್ಲಿ ಎಷ್ಟು ಚೂಪು ಅಂತ ತೋರಿಸುವುದು) ಈಗ ತೆರೆದು ನೋಡಿ. ನಿಮ್ಮ ಹಾಳೆಯ ಅನುಭವದ ಮೇಲೆ ಅದು ಬೇಗ ಅರ್ಥವಾಗುತ್ತದೆ. ಅಡ್ಡ ಅಕ್ಷ ಫ್ರೇಮಿನ ನಡುವಿನಿಂದ ಎಷ್ಟು ಮಿ.ಮೀ ದೂರ ಅನ್ನುವುದು. ಮಿ.ಮೀಗೆ 10 ಗೆರೆಯ ರೇಖೆ ಒಟ್ಟು ಕಾಂಟ್ರಾಸ್ಟ್ ಹೇಳುತ್ತದೆ, 30 ಗೆರೆಯದು ಸಣ್ಣ ವಿವರವನ್ನು, ಅಂದರೆ ನಮ್ಮ ‘ಠ’ದ ಚುಕ್ಕೆಯನ್ನು. ಫುಲ್ ಫ್ರೇಮ್ (ದೊಡ್ಡ ಅಳತೆಯ ಸೆನ್ಸರಿನ) ಲೆನ್ಸನ್ನು ಎಪಿಎಸ್-ಸಿ ಕ್ಯಾಮೆರಾಕ್ಕೆ ಹಾಕುವವರು ಸುಮಾರು 14 ಮಿ.ಮೀವರೆಗೆ ಮಾತ್ರ ಓದಿದರೆ ಸಾಕು. ನಿಮ್ಮ ಮೂಲೆ ಅಲ್ಲಿಗೇ ಮುಗಿಯುತ್ತದೆ. ಇಂಥ ಗ್ರಾಫುಗಳಲ್ಲಿ ಹಲವು ವಿನ್ಯಾಸದ ಲೆಕ್ಕದಿಂದ ಬಂದವು, ನಿಮ್ಮ ಕೈಯಲ್ಲಿರುವ ಲೆನ್ಸನ್ನು ಅಳೆದು ಬರೆದವಲ್ಲ.

ಕ್ಯಾಮೆರಾದ ಸರದಿ

ಸೆನ್ಸರ್ ಮೇಲಿನ ಧೂಳು ನೋಡಲು ಎಫ್/16ರಲ್ಲಿ, ಫೋಕಸ್ ಕೆಡಿಸಿ, ಖಾಲಿ ಆಕಾಶ ತೆಗೆಯಿರಿ. ಬೂದು ಕಲೆಗಳು ಕಂಡರೆ ಧೂಳಿದೆ. ಹಾಟ್ ಪಿಕ್ಸೆಲ್ (ಬೆಳಕಿಲ್ಲದಿದ್ದರೂ ಹೊಳೆಯುವ ಪಿಕ್ಸೆಲ್) ನೋಡಲು ಲೆನ್ಸಿನ ಮುಚ್ಚಳ ಹಾಕಿ, ನಾಯ್ಸ್ ರಿಡಕ್ಷನ್ (ಫೋಟೊದ ಕಾಳುಕಾಳು ಅಳಿಸುವ ಸೌಲಭ್ಯ) ಆಫ್ ಮಾಡಿ, 30 ಸೆಕೆಂಡ್ ಫೋಟೊ ತೆಗೆಯಿರಿ. ಅಲ್ಲೊಂದು ಇಲ್ಲೊಂದು ಬಣ್ಣದ ಚುಕ್ಕೆ ಎಲ್ಲ ಕ್ಯಾಮೆರಾದಲ್ಲೂ ಇರುತ್ತದೆ. ಸಾಲು ಸಾಲಾಗಿ ಗೆರೆ ಕಂಡರೆ ಯೋಚಿಸಿ.

ನಾಯ್ಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಐಎಸ್‌ಒ ಏರಿಸಿದ್ದಕ್ಕೆ ಕಾಳುಕಾಳಾಯಿತು ಅನ್ನುತ್ತೇವೆ. ಮುಖ್ಯ ಕಾರಣ ಬೆಳಕು ಕಡಿಮೆ ಸಿಕ್ಕಿದ್ದು. ಬೆಳಕು ಮಳೆಹನಿಯಂತೆ ಬಿಡಿಬಿಡಿಯಾಗಿ ಬೀಳುತ್ತದೆ. ಹನಿ ಕಡಿಮೆಯಾದಷ್ಟೂ ಏರುಪೇರು ಎದ್ದು ಕಾಣುತ್ತದೆ. ಬೆಳಕು ನಾಲ್ಕು ಪಟ್ಟಾದರೆ, ಅದಕ್ಕೆ ಹೋಲಿಸಿದ ಏರುಪೇರು ಅರ್ಧಕ್ಕಿಳಿಯುತ್ತದೆ. ಹಾಗಾಗಿ ಎರಡು ಕ್ಯಾಮೆರಾ ಹೋಲಿಸುವಾಗ ಒಂದೇ ಬೆಳಕು, ಒಂದೇ ಅಪರ್ಚರ್, ಒಂದೇ ಶಟರ್ ವೇಗ ಇಟ್ಟು, ಫೋಟೊಗಳನ್ನು ಒಂದೇ ಅಳತೆಗೆ ಇಳಿಸಿ ನೋಡಿ. 24 ಮೆಗಾಪಿಕ್ಸೆಲ್ ಒಂದನ್ನೂ 45 ಮೆಗಾಪಿಕ್ಸೆಲ್ ಇನ್ನೊಂದನ್ನೂ ಪಿಕ್ಸೆಲ್ ಮಟ್ಟಕ್ಕೆ ಹಿಗ್ಗಿಸಿ ಹೋಲಿಸುವುದು ನ್ಯಾಯವಲ್ಲ.

ಆಟೋಫೋಕಸ್ ಪರೀಕ್ಷೆಗೆ ಮೇಜಿನ ಮೇಲೆ ದಿನಪತ್ರಿಕೆ ಹಾಸಿ, 45 ಡಿಗ್ರಿ ಓರೆಯಿಂದ ಒಂದು ತಲೆಬರಹಕ್ಕೆ ಫೋಕಸ್ ಮಾಡಿ. ಹತ್ತು ಸಲ ತೆಗೆಯಿರಿ, ಪ್ರತಿ ಸಲವೂ ಮೊದಲು ಫೋಕಸ್ ಕೆಡಿಸಿ. ಪ್ರತಿ ಸಲ ಅದೇ ಸಾಲು ಚೂಪಾಗಿದ್ದರೆ ಸರಿ. ಪ್ರತಿ ಸಲ ಅಷ್ಟೇ ದೂರ ಹಿಂದಿನ ಸಾಲು ಚೂಪಾಗುತ್ತಿದ್ದರೆ, ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಮೆನುವಿನಲ್ಲಿ ತಿದ್ದುವ ಅವಕಾಶ ಹಲವು ಮಾಡೆಲ್‌ಗಳಲ್ಲಿದೆ. ಮಿರರ್‌ಲೆಸ್‌ಗಳು ಸೆನ್ಸರಿನಿಂದಲೇ ಫೋಕಸ್ ಅಳೆಯುವುದರಿಂದ ಅಲ್ಲಿ ಈ ತೊಂದರೆ ಕಡಿಮೆ.

ಸಂಜೆ ಕಾಫಿ ಕುಡಿಯುತ್ತಾ ಅವಳು ನೋಟ್ ಪುಸ್ತಕದಲ್ಲಿ ಹೀಗೆ ಬರೆದುಕೊಂಡಳು: “50 ಎಂಎಂ. ಎಫ್/1.8: ನಡುವೆ 6 ಪಾಯಿಂಟ್, ಮೂಲೆ 12. ಎಫ್/2.8: ನಡುವೆ 5. ಎಫ್/5.6: ಮೂಲೆಯೂ 6. ಮುಖಕ್ಕೆ 2.8, ಗುಂಪಿಗೆ 5.6. ನಾಲ್ಕು ಮೂಲೆ ಸಮ.” ಪಕ್ಕದಲ್ಲಿ ತಾರೀಕು ಹಾಕಿದಳು. ಲೆನ್ಸ್ ಎಂದಾದರೂ ಕೆಳಗೆ ಬಿದ್ದರೆ ಇದೇ ಹಾಳೆ, ಇದೇ ದೂರದಲ್ಲಿ ಮತ್ತೆ ತೆಗೆದು ಹೋಲಿಸಬೇಕು ಅಂತ ಒಂಬತ್ತೂ ಹಾಳೆಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಲೆನ್ಸ್ ಇಡಲು ನಾನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಎರಡು ಪೊಟ್ಟಣ ಸಿಲಿಕಾ ಜೆಲ್ ಕೊಟ್ಟು ಕಳಿಸಿದೆ.